ಶಾಲಿನ ಜೊತೆ ಒಂದು ವಿಶ್ವಕಪ್

ಸನ್ಮಾನವೆಂದರೆ ನನಗೆ ಮೊದಲಿನಿಂದಲೂ ಹೇಸಿಗೆ. ಮೈಸೂರಿನಲ್ಲಿದ್ದಾಗ ಹೇಗೋ ತಪ್ಪಿಸಿಕೊಳ್ಳಬಹುದಿತ್ತು. ನೈರೋಬಿಯಲ್ಲಿ ಅದು ಸಾಧ್ಯವಿಲ್ಲ. ಇಲ್ಲಿರುವ ಕನ್ನಡದವರು ಒಂದು ಸಭಾಂಗಣ ತುಂಬುವಷ್ಟು ಮಂದಿ. ಒಬ್ಬ ಬರದಿದ್ದರೆ ಅವನ ಕುರ್ಚಿ ಎದ್ದು ಕಾಣುತ್ತದೆ, ಮರುದಿನ ಅವನ ಹೆಂಡತಿಗೆ ಫೋನು ಬರುತ್ತದೆ. ನವೆಂಬರ್ ಬಂತೆಂದರೆ ನಮ್ಮ ಸಂಘಕ್ಕೆ ಯಾರ ತಲೆಗಾದರೂ ಪೇಟ ಇಡಲೇಬೇಕು. ಯೋಗ್ಯರ ಸರದಿ ಎಂದೋ ಮುಗಿದಿದೆ. ಅಯೋಗ್ಯರದೂ ಒಂದು ಸುತ್ತು ಆಗಿದೆ. ಹೀಗಾಗಿ ಆ ವರ್ಷ ಹಂಗೇರಿಯ ಒಬ್ಬ ಫುಟ್‌ಬಾಲ್ ಫಾರ್ವರ್ಡ್ ಸಿಕ್ಕಿಬಿದ್ದ.

ಅವನು ನಮ್ಮ ಸೌತ್ ಸಿ ಬಡಾವಣೆಯಲ್ಲೇ, ನನ್ನ ಮನೆಯಿಂದ ಮೂರನೆಯ ಗೇಟಿನ ಒಳಗೆ ಬಾಡಿಗೆಗಿದ್ದ. ಪರಿಚಯವಾದದ್ದು ಮಟಾಟು ಎಂಬ ಇಲ್ಲಿಯ ಬಾಡಿಗೆ ವ್ಯಾನು ನಿಲ್ಲುವ ಜಾಗದಲ್ಲಿ. ಮಳೆ ನಿಂತ ಮೇಲಿನ ಸಂಜೆ, ಮಟಾಟು ಒಂದು ಹೊಂಡಕ್ಕೆ ಇಳಿದು ಅವನ ಪ್ಯಾಂಟಿಗೆಲ್ಲ ಕೆಸರು ಎರಚಿತು. ಅವನು ಹಂಗೇರಿಯನ್ ಭಾಷೆಯಲ್ಲಿ ಬೈದ. ಹಿಂದೆ ಸ್ಕಾಲರ್‌ಶಿಪ್ ಮೇಲೆ ಎರಡು ವರ್ಷ ನಾನು ಹಂಗೇರಿಯ ಪೂರ್ವದ ಒಂದು ಊರಿನಲ್ಲಿ ಓದಿದ್ದೆ. ಆ ಓದಿನಲ್ಲಿ ಈಗ ಉಳಿದಿರುವುದು ಬ್ರೆಡ್ಡಿನಂಗಡಿಯ ನಾಲ್ಕು ಮಾತು ಮತ್ತು ಆಟದ ಮೈದಾನದ ಬೈಗುಳ. ಅವನು ಅರ್ಧಕ್ಕೆ ಬಿಟ್ಟ ಬೈಗುಳವನ್ನು ನಾನು ಪೂರ್ತಿ ಮಾಡಿದೆ. ಅವನು ತಿರುಗಿ ನೋಡಿದ. ಕಂದು ಮೈಬಣ್ಣದ, ಕನ್ನಡಕ ಹಾಕಿದ ಮೇಷ್ಟ್ರೊಬ್ಬ ತನ್ನೂರಿನ ಕೊಳಕು ಮಾತಾಡುವುದನ್ನು ಕಂಡವನ ಮುಖದಲ್ಲಿ ಸ್ನೇಹಕ್ಕಿಂತ ಅನುಮಾನವೇ ಹೆಚ್ಚಿತ್ತು.

ಆಮೇಲೆ ಭಾನುವಾರಗಳಲ್ಲಿ ನಮ್ಮ ವರಾಂಡಕ್ಕೆ ಬರತೊಡಗಿದ. ನನ್ನ ಹೆಂಡತಿ ಕೊಡುತ್ತಿದ್ದ ಫಿಲ್ಟರ್ ಕಾಫಿಯನ್ನು ಔಷಧ ಎನ್ನುತ್ತಿದ್ದ, ಎರಡು ಲೋಟ ಕುಡಿಯುತ್ತಿದ್ದ. ಅವನಿಗೆ ಯಾರೂ ಮೆಚ್ಚಿಗೆಯಾಗುತ್ತಿರಲಿಲ್ಲ. ಇಲ್ಲಿಯ ಕೋಚುಗಳು ದಡ್ಡರು, ಅವನ ದೇಶದ ಕೋಚುಗಳು ಕಳ್ಳರು, ಗೋಲ್ ಕೀಪರುಗಳಿಗೆ ಹುಟ್ಟಿನಿಂದಲೇ ತಲೆ ಸರಿಯಿಲ್ಲ. ನನಗೂ ಯಾರೂ ಮೆಚ್ಚಿಗೆಯಾಗುವುದಿಲ್ಲವಾದ್ದರಿಂದ ನಮ್ಮಿಬ್ಬರಿಗೆ ಹೊಂದಿಕೊಂಡಿತು.

ಅವನ ವೃತ್ತಿಜೀವನವನ್ನು ಕೇಳಿದ್ದು ಹೀಗೆ, ತುಂಡು ತುಂಡಾಗಿ. ಶುರುವಾದದ್ದು ಸಕ್ಕರೆ ಕಾರ್ಖಾನೆಯ ಹುಡುಗರ ತಂಡದಲ್ಲಿ. ಎಡಗಾಲು ಚೆನ್ನಾಗಿತ್ತು, ಎತ್ತರವಿದ್ದ. ಒಂದನೇ ಡಿವಿಷನ್ನಿನ ಕ್ಲಬ್ಬೊಂದು ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿತು. ಅಲ್ಲಿ ಕೂತಿದ್ದು ಕೂತಿದ್ದೇ. ಒಂದು ಸಂಜೆ ಖಾಯಂ ಫಾರ್ವರ್ಡ್‌ಗೆ ಜ್ವರ ಬಂತು, ಇವನನ್ನು ಇಳಿಸಿದರು. ಎದುರಿಗೆ ರಾಜಧಾನಿಯ ದೊಡ್ಡ ತಂಡ. ಇವನು ಎರಡು ಗೋಲು ಹೊಡೆದ. ಮೊದಲನೆಯದು ಎಡಗಾಲಿನ ಒಳ್ಳೆಯ ಹೊಡೆತ. ಎರಡನೆಯದು ಯಾರೋ ಒದ್ದ ಚೆಂಡು ಇವನ ಮೊಣಕಾಲಿನ ಕೆಳಗಿನ ಮೂಳೆಗೆ ಬಡಿದು ಒಳಗೆ ಹೋಯಿತು. ಕಾಲು ಹಿಂದಕ್ಕೆ ಎಳೆದುಕೊಳ್ಳಲು ಹೋಗಿದ್ದನಂತೆ, ತಡವಾಯಿತಂತೆ. ಮುಂದಿನ ವಾರ ಖಾಯಂ ಫಾರ್ವರ್ಡ್‌ನ ಜ್ವರ ಬಿಟ್ಟಿತು.

ಅಲ್ಲಿಂದ ಎಲ್ಲ ಇಳಿಜಾರು. ಎರಡನೇ ಡಿವಿಷನ್ನಿನ ಊರೂರು. ನಡುವೆ ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪದಲ್ಲಿ ಒಂದು ಸೀಸನ್. ಬಿಸಿಲು ಚೆನ್ನಾಗಿತ್ತು, ಪಾಸು ಕೊಡುವವರು ಇರಲಿಲ್ಲ. ಆಮೇಲೆ ಆಸ್ಟ್ರಿಯಾದ ಹಳ್ಳಿಯ ತಂಡವೊಂದು. ಬೆಳಿಗ್ಗೆ ಪೀಠೋಪಕರಣದ ಗೋದಾಮಿನಲ್ಲಿ ಸೋಫಾ ಹೊರುವುದು, ಸಂಜೆ ಆಟ. ಮಂಡಿ ಹೋದದ್ದು ಸೋಫಾದಿಂದಲೋ ಆಟದಿಂದಲೋ ಅವನಿಗೇ ಖಚಿತವಿಲ್ಲ. ಕೊನೆಗೆ ಕೋಚಿಂಗ್ ಪರೀಕ್ಷೆ ಪಾಸು ಮಾಡಿಕೊಂಡು ನೈರೋಬಿಯ ಖಾಸಗಿ ಅಕಾಡೆಮಿಯೊಂದಕ್ಕೆ ಬಂದ.

ಸಾಧಾರಣ ವೃತ್ತಿಜೀವನ. ವಿಶ್ವವಿದ್ಯಾಲಯದಲ್ಲಿ ನನ್ನದೂ ಅಂಥದ್ದೇ. ನಮ್ಮಲ್ಲಿ ಸ್ಕೋರು ತೋರಿಸುವ ಬೋರ್ಡು ಇಲ್ಲವಾದ್ದರಿಂದ ಗೊತ್ತಾಗುವುದಿಲ್ಲ, ಅಷ್ಟೇ.

ನಾನು ಅವನ ಆಟವನ್ನು ಒಮ್ಮೆ ನೋಡಿದ್ದೆ. ನೋಡಿದ್ದೆ ಎಂದುಕೊಂಡಿದ್ದೆ. ನಾನು ಓದುತ್ತಿದ್ದ ಊರಿನ ಸ್ಟೇಡಿಯಮ್ಮಿನ ಹಿಂದೆ ಚಿಕ್ಕ ಮೈದಾನವೊಂದಿತ್ತು. ಚಳಿಗಾಲದ ಒಂದು ಮಧ್ಯಾಹ್ನ ಅಲ್ಲಿ ಯಾವುದೋ ಅಭ್ಯಾಸ ಪಂದ್ಯ. ಹುಲ್ಲಿನ ಮೇಲೆ ಹಿಮ ಗಟ್ಟಿಯಾಗಿತ್ತು. ಪಕ್ಕದಲ್ಲಿ ಮುದುಕನೊಬ್ಬ ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗುಳುತ್ತಿದ್ದ. ಒಂಬತ್ತನೆಯ ನಂಬರಿನ ಉದ್ದ ಹುಡುಗನೊಬ್ಬನ ಮುಂದೆ ಗೋಲ್ ಕೀಪರ್ ಜಾರಿ ಬಿದ್ದ. ಚೆಂಡು ಕಾಲ ಬುಡದಲ್ಲಿ, ಗೋಲು ಪೂರಾ ಖಾಲಿ. ಹುಡುಗ ಒದ್ದ, ಚೆಂಡು ಎಡಗಡೆಯ ಕಂಬಕ್ಕೆ ಬಡಿದು ವಾಪಸು ಬಂತು. ಮುದುಕ ಏನೋ ಅಂದ, ಸುತ್ತಲಿದ್ದವರೆಲ್ಲ ನಕ್ಕರು.

ಆ ಹುಡುಗ ನೀನೇ ಇರಬೇಕು, ಅದೇ ವರ್ಷಗಳು, ಅದೇ ಎತ್ತರ ಎಂದೆ. ಅವನು ಯಾವ ಕಡೆಯ ಕಂಬ ಎಂದು ಕೇಳಿದ.

ಎಡಗಡೆಯದು ಎಂದೆ.

“ಹಾಗಾದರೆ ನಾನೇ,” ಎಂದ. “ಎಡಗಡೆಯ ಕಂಬಗಳನ್ನೆಲ್ಲ ನನಗೇ ಬರೆದುಕೊಟ್ಟಿದ್ದಾರೆ.”

ಅದನ್ನು ಅವನು ಒಪ್ಪಿಕೊಂಡದ್ದು ಎಂದು ನಾನು ಇಟ್ಟುಕೊಂಡೆ. ನಾನು ಮೊದಲ ವರ್ಷದವರಿಗೆ ಸಂಶೋಧನಾ ವಿಧಾನ ಕಲಿಸುವವನು. ಸಾಕ್ಷಿ ಯಾವುದು, ಕೇಳಿದ್ದು ಯಾವುದು, ನಾವೇ ಕಟ್ಟಿದ್ದು ಯಾವುದು ಎಂದು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಮೂರು ಕಾಲಮ್ಮು ಎಳೆಯುತ್ತೇನೆ. ಈ ಕಂಬವನ್ನು ಯಾವ ಕಾಲಮ್ಮಿಗೂ ಹಾಕಲಿಲ್ಲ.

ಸನ್ಮಾನದ ವರ್ಷವೇ ಅವನ ಅಕಾಡೆಮಿ ಮುಚ್ಚಿತು. ಅವನ ಕೆಲಸದ ಪರವಾನಗಿ ಅದರ ಹೆಸರಿನಲ್ಲಿತ್ತು. ಬೇರೆ ಯಾರಾದರೂ ಕೆಲಸಕ್ಕೆ ತೆಗೆದುಕೊಳ್ಳದಿದ್ದರೆ ಅವನು ದೇಶ ಬಿಡಬೇಕು. ಊರಿಗೆ ಹೋದರೆ ತಮ್ಮನ ಟೈರಿನ ಅಂಗಡಿ. ತಮ್ಮ ಒಳ್ಳೆಯವನು, ಅದೇ ಕಷ್ಟ ಎಂದ. ಶನಿವಾರ ಬೆಳಿಗ್ಗೆ ನಮ್ಮ ಬಡಾವಣೆಯ ಕೆಂಪು ಮಣ್ಣಿನ ಮೈದಾನದಲ್ಲಿ ಮಕ್ಕಳಿಗೆ ಸುಮ್ಮನೆ ಹೇಳಿಕೊಡುತ್ತಿದ್ದ. ಸುಮ್ಮನೆ ಹೇಳಿಕೊಟ್ಟರೆ ಪರವಾನಗಿ ಸಿಗುವುದಿಲ್ಲ.

ಲಂಗಾಟಾದ ಕಡೆಯ ಒಂದು ಖಾಸಗಿ ಶಾಲೆ ಆಗ ಫುಟ್‌ಬಾಲ್ ಕೋಚನ್ನು ಹುಡುಕುತ್ತಿತ್ತು. ಆ ಶಾಲೆಯ ಆಡಳಿತ ಮಂಡಳಿಯಲ್ಲಿ ನಮ್ಮ ಸಂಘದ ಹಿರಿಯ ಡಾಕ್ಟರೊಬ್ಬರಿದ್ದರು. ಕರಾವಳಿಯವರು, ಮೂಳೆ ಡಾಕ್ಟರು, ಇಲ್ಲಿಯೇ ಮೊಮ್ಮಕ್ಕಳನ್ನು ಕಂಡವರು. ಇದೇ ಹೊತ್ತಿಗೆ ಸಂಘದ ಅಧ್ಯಕ್ಷರಿಂದ ನನಗೆ ಫೋನು ಬಂತು. ಅವರು ಬೆಂಗಳೂರಿನಿಂದ ಬ್ಯಾಂಕು ಕಳಿಸಿದ ಅಧಿಕಾರಿ, ಸಿರಿವಂತರ ಕಿಲಿಮಾನಿ ಬಡಾವಣೆಯ ಹತ್ತನೇ ಮಹಡಿಯಲ್ಲಿ ವಾಸ. ಕೆಳಗಿನ ನೈರೋಬಿ ಅವರಿಗೆ ಟ್ಯಾಕ್ಸಿಯ ಕಿಟಕಿಯಲ್ಲಿ ಕಂಡಷ್ಟೇ ಗೊತ್ತು. ರಾಜ್ಯೋತ್ಸವದ ಕ್ರೀಡಾ ಬಹುಮಾನ ಹಂಚಲು ಒಬ್ಬ ಯೂರೋಪಿಯನ್ ಸಿಗುತ್ತಾನಂತೆ, ನಿಮ್ಮ ಸ್ನೇಹಿತನಂತೆ ಎಂದರು. ನಾನು ಡಾಕ್ಟರನ್ನು ನೆನೆದು ಹೂಂ ಎಂದೆ. ಹಂಗೇರಿಯವನಿಗೂ ಹೇಳಿದೆ. ಶಾಲು ಹೊದಿಸುತ್ತಾರೆ, ತಲೆಗೆ ಪೇಟ ಇಡುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ, ಒಂದು ಗಂಟೆ ಹಲ್ಲು ಕಚ್ಚಿ ಕೂತುಕೊ, ಡಾಕ್ಟರು ಮುಂದಿನ ಸಾಲಿನಲ್ಲಿರುತ್ತಾರೆ.

ಅತಿಥಿ ಪರಿಚಯ ನನ್ನ ಪಾಲಿಗೆ ಬಂತು. ನಮ್ಮಲ್ಲಿ ಅದಕ್ಕೊಂದು ರಾಗವಿದೆ. ಹತ್ತನೇ ಕ್ಲಾಸು ಪಾಸಾದವನನ್ನು ಜ್ಞಾನದ ಗಣಿ ಎನ್ನಬೇಕು, ಒಂದು ಅಂಗಡಿ ಇಟ್ಟವನನ್ನು ಉದ್ಯಮ ಲೋಕದ ದಿಗ್ಗಜ ಎನ್ನಬೇಕು. ಕೇಳುವವರಿಗೆ ಅದು ಸುಳ್ಳೆಂದು ಗೊತ್ತು, ಹೇಳುವವನಿಗೂ ಗೊತ್ತು. ಸನ್ಮಾನಿತ ಎದ್ದು ನಿಂತು ಇದಕ್ಕೆಲ್ಲ ನಾನು ಅರ್ಹನಲ್ಲ ಎನ್ನಬೇಕು. ಅದು ನಿಜವೆಂದೂ ಎಲ್ಲರಿಗೂ ಗೊತ್ತು. ಆದರೂ ಚಪ್ಪಾಳೆ. ಆಮೇಲೆ ಬಿಸಿಬೇಳೆ ಭಾತು.

ಸಭೆಯ ಹಿಂದಿನ ದಿನ ಅಧ್ಯಕ್ಷರು ನಾನು ಏನು ಹೇಳುತ್ತೇನೆಂದು ವಿಚಾರಿಸಿದರು. ಹೇಳಿದೆ.

“ಸರ್, ಇದು ಒಂಥರಾ ಡ್ರೈ ಆಯ್ತು. ನ್ಯಾಷನಲ್ ಲೆವೆಲ್ ಏನೂ ಇಲ್ವಾ?”

“ಇಲ್ಲ.”

“ಸೆಲೆಕ್ಷನ್ ಹತ್ರಾನಾದ್ರೂ ಹೋಗಿರ್ತಾರಲ್ಲ ಸರ್. ಹತ್ರ ಅಂದ್ರೆ ಆಯ್ತು.”

ಹತ್ತಿರವೂ ಹೋಗಿಲ್ಲ ಎಂದೆ. ಸರಿ ಸರ್, ನೀವು ಹೇಳಿದ ಮೇಲೆ ಮುಗೀತು ಎಂದರು. ಆ ಮಾತನ್ನು ನಂಬಿದ್ದೇ ನನ್ನ ಓದಿಗೆ ಅವಮಾನ.

ಸಭೆ ದೇವಸ್ಥಾನದ ಸಭಾಂಗಣದಲ್ಲಿ. ನಾನು ಇದ್ದದ್ದು ಇದ್ದಂತೆ ಹೇಳಿದೆ: ಸಕ್ಕರೆ ಕಾರ್ಖಾನೆ, ಬೆಂಚು, ಜ್ವರದ ಸಂಜೆ, ಎರಡು ಗೋಲು, ದ್ವೀಪ, ಸೋಫಾ. ಒಮ್ಮೆ ಇವರ ಆಟ ನೋಡಿದ ನೆನಪು ಎಂದೂ ಸೇರಿಸಿದೆ. ಸಭೆ ಮದುವೆ ಮನೆಯಲ್ಲಿ ಯಾರೋ ಸಾವಿನ ಸುದ್ದಿ ತೆಗೆದಂತೆ ನನ್ನನ್ನು ನೋಡಿತು. ಒಂದು ಚಪ್ಪಾಳೆಯಿಲ್ಲ. ಅಧ್ಯಕ್ಷರು ನಗುತ್ತ ಮೈಕು ತೆಗೆದುಕೊಂಡರು. ಮೇಷ್ಟ್ರು ಮುಖ್ಯವಾದದ್ದನ್ನೇ ಬಿಟ್ಟುಬಿಟ್ಟರು ಎಂದು ಶುರುಮಾಡಿ, ತಮ್ಮ ದೇಶದ ಪರವಾಗಿ ವಿಶ್ವಕಪ್ಪಿನಲ್ಲಿ ಆಡಿದ ಈ ಮಹಾನ್ ಫಾರ್ವರ್ಡ್ ಇಂದು ನಮ್ಮ ನಡುವೆ ಎಂದರು. ಸಭೆ ಉಸಿರಾಡಿತು. ಚಪ್ಪಾಳೆ ಗೋಡೆಗೆ ಬಡಿಯಿತು. ಹಂಗೇರಿ ಕೊನೆಯ ಸಲ ವಿಶ್ವಕಪ್ಪಿನಲ್ಲಿ ಆಡಿದಾಗ ಇವನು ಪ್ರೈಮರಿ ಶಾಲೆಯಲ್ಲಿದ್ದ. ಇಡೀ ಸಭೆಯ ಕೈಯಲ್ಲಿ ಫೋನಿತ್ತು, ಹುಡುಕಿದ್ದರೆ ಸಿಗುತ್ತಿತ್ತು. ಆದರೆ ಶಾಲು ಹೊದ್ದವನ ಬಗ್ಗೆ ಹುಡುಕಿ ನೋಡುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಅವನಿಗೆ ಕನ್ನಡ ಬಾರದು. ತನ್ನ ಹೆಸರು ಕೇಳಿತು, ಜನ ಚಪ್ಪಾಳೆ ತಟ್ಟಿದರು, ತಲೆಯಾಡಿಸಿದ. ಪೇಟ ಸ್ವಲ್ಪ ದೊಡ್ಡದಾಗಿತ್ತು, ತಲೆಯಾಡಿಸಿದಾಗ ಹುಬ್ಬಿನ ತನಕ ಇಳಿಯಿತು. ಕೂತ ಮೇಲೆ, ನೀನು ಹೇಳಿದಾಗ ಬಾರದ ಚಪ್ಪಾಳೆ ಈಗ ಯಾಕೆ ಎಂದು ನನ್ನನ್ನು ಕೇಳಿದ. ಹೇಳಿದೆ. ಪೇಟವನ್ನು ಹಣೆಯಿಂದ ಮೇಲಕ್ಕೆ ತಳ್ಳಿ ಎದ್ದು ಹೋಗಿ ಮೈಕು ಹಿಡಿದ. ಗಟ್ಟಿಯಾದ ಇಂಗ್ಲಿಷಿನಲ್ಲಿ, ನಾನು ವಿಶ್ವಕಪ್ ಆಡಿಲ್ಲ, ದೇಶದ ತಂಡಕ್ಕೆ ಯಾವತ್ತೂ ಆಡಿಲ್ಲ, ಹೆಚ್ಚಿನ ಕಾಲ ಎರಡನೇ ಡಿವಿಷನ್ನಿನವನು ಎಂದ. ಯಾರೋ ತಪ್ಪಾಗಿ ಹೇಳಿದ್ದಾರೆ, ದಯವಿಟ್ಟು ನಂಬಬೇಡಿ ಎಂದ.

ಮೊದಲಿಗಿಂತ ಜೋರು ಚಪ್ಪಾಳೆ. ಮುಂದಿನ ಸಾಲಿನಲ್ಲಿ ಡಾಕ್ಟರು ಎದ್ದು ನಿಂತೇ ತಟ್ಟಿದರು. ಅಧ್ಯಕ್ಷರು ಮೈಕಿಗೆ ಬಾಗಿ, “ನೋಡಿ, ಎಂಥ ವಿನಯ. ಇದನ್ನ ನಮ್ಮ ಮಕ್ಕಳು ಕಲೀಬೇಕು,” ಎಂದರು.

ಅವನು ಇನ್ನೊಮ್ಮೆ ಅಲ್ಲ ಎಂದ. ಅದಕ್ಕೂ ಚಪ್ಪಾಳೆ ಬಂತು. ನನ್ನ ಕಡೆ ನೋಡಿದ. ನಾನೂ ಎದ್ದು ಕನ್ನಡದಲ್ಲಿ, ಅವರು ಹೇಳಿದ್ದು ವಿನಯವಲ್ಲ, ನಿಜ ಎಂದೆ. ಹಿಂದಿನಿಂದ ಯಾರೋ, ಮೇಷ್ಟ್ರಿಗೆ ಹೊಟ್ಟೆಕಿಚ್ಚು ಎಂದರು, ನಗು ಎದ್ದಿತು. ಅಷ್ಟರಲ್ಲಿ ಊಟದ ಸಾಲು ಶುರುವಾಗಿತ್ತು.

ಡಾಕ್ಟರು ಊಟದ ತಟ್ಟೆ ಹಿಡಿದೇ ಬಂದು ಅವನ ಕೈ ಕುಲುಕಿದರು. ಕೆಲಸ ಸಿಕ್ಕಿದಂತೆಯೇ ಎಂದರು. ಅವನು ಮತ್ತೆ ವಿಶ್ವಕಪ್ಪಿನ ಮಾತು ತೆಗೆದ. ಡಾಕ್ಟರು ಅವನ ಭುಜ ತಟ್ಟಿ ಉಪ್ಪಿನಕಾಯಿಯ ಕಡೆ ಹೋದರು. ನಮ್ಮ ಕಾರಿನಲ್ಲಿ ಮನೆಗೆ ಮರಳುವ ದಾರಿಯುದ್ದಕ್ಕೂ ಅವನು ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನ್ನ ಹೆಂಡತಿ ಹಿಂದಿನ ಸೀಟಿನಿಂದ, “ಕೆಲಸ ಆಯ್ತಲ್ಲ ಬಿಡ್ರೀ, ಇನ್ನೇನು ಬೇಕು,” ಎಂದಳು.

ಒಂದು ವಾರದ ಮೇಲೆ ಡಾಕ್ಟರ ಫೋನು. ಧ್ವನಿಯಲ್ಲಿ ಮೊದಲಿನ ಎಣ್ಣೆ ಇರಲಿಲ್ಲ. ಅವರು ಮಂಡಳಿಯ ಸಭೆಯಲ್ಲಿ ವಿಶ್ವಕಪ್ ಆಟಗಾರನನ್ನು ತಂದಿದ್ದೇನೆ ಎಂದಿದ್ದಾರೆ. ಪ್ರಿನ್ಸಿಪಾಲರು ಇಲ್ಲಿಯವರೇ, ಕಾಲೇಜಿನಲ್ಲಿ ಹಾಕಿ ಆಡಿದ ಹೆಂಗಸು. ಅವರು ಮೇಜಿನ ಕೆಳಗೆ ಫೋನು ತೆರೆದು ಅಲ್ಲಿಯೇ ಹುಡುಕಿದ್ದಾರೆ. ಆಡಿದ ಕ್ಲಬ್ಬುಗಳು ಸಿಕ್ಕಿವೆ, ದೇಶದ ತಂಡ ಎಂಬ ಜಾಗ ಖಾಲಿ. ಸುಳ್ಳು ಹೇಳುವವನ ಕೈಗೆ ಮಕ್ಕಳನ್ನು ಕೊಡುವುದಿಲ್ಲ ಎಂದಿದ್ದಾರೆ.

“ಎಂತ ಮಾರಾಯ್ರೆ, ನಿಮ್ಮ ಜನ ನನ್ನ ಮರ್ಯಾದೆ ತೆಗೆದನಲ್ಲ.”

“ಅವನು ಮೈಕಿನಲ್ಲಿ ನಿಂತು ಇಲ್ಲ ಅಂದನಲ್ಲ ಡಾಕ್ಟ್ರೇ. ಎರಡು ಸಲ.”

“ಅದು ವಿನಯಕ್ಕೆ ಹೇಳಿದ್ದಲ್ವಾ? ಸನ್ಮಾನದಲ್ಲಿ ಯಾರಾದ್ರೂ ಹೌದು ನಾನು ದೊಡ್ಡ ಜನ ಅಂತಾರಾ? ಖಡಕ್ಕಾಗಿ ಹೇಳ್ಬೇಕಿತ್ತು.”

ಅವನು ಹೇಳಿದ್ದಕ್ಕೆ ಸಾಕ್ಷಿ ಹುಡುಕಿದೆ. ಸಂಘದ ಗ್ರೂಪಿನಲ್ಲಿ ಆ ದಿನದ ವಿಡಿಯೋಗಳು ರಾಶಿ ಇದ್ದವು. ಅಧ್ಯಕ್ಷರ ಮಾತು ಇದೆ, ಚಪ್ಪಾಳೆ ಇದೆ, ಶಾಲು ಇದೆ, ತಲೆಯಾಡಿಸುವ ಹಂಗೇರಿಯವನಿದ್ದಾನೆ. ಅವನು ಮೈಕು ಹಿಡಿಯುವ ಹೊತ್ತಿಗೆ ಎಲ್ಲರೂ ಫೋನು ಇಳಿಸಿದ್ದರು. ಅತಿಥಿಯ ಉಪಕಾರ ಸ್ಮರಣೆಯನ್ನು ನಮ್ಮಲ್ಲಿ ಯಾರು ಹಿಡಿದಿಡುತ್ತಾರೆ? ಇಬ್ಬರು ಮೂವರನ್ನು ಕೇಳಿದೆ. ವಿಶ್ವಕಪ್ ಆಡಿದ್ದೇನೆ ಎಂದು ಅವರೇ ಹೇಳಿದರಲ್ಲ ಸರ್ ಎಂದರು. ಬೇಕೆಂದು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ಹಾಗೆಯೇ ನೆನಪಿತ್ತು.

ಡಾಕ್ಟರು ಮತ್ತೆ ಫೋನು ಮಾಡಿ ಒಂದು ದಾರಿ ಹೇಳಿದರು. ನೀವು ಆ ದೇಶದಲ್ಲಿ ಓದಿದವರು, ಅವರ ಆಟ ನೋಡಿದವರು, ಸಭೆಯಲ್ಲೇ ಹೇಳಿದಿರಿ. ಪ್ರಿನ್ಸಿಪಾಲರಿಗೆ ಫೋನು ಮಾಡಿ, ಇಂಥ ತಂಡಕ್ಕೆ ಆಡುವಾಗ ಕಣ್ಣಾರೆ ಕಂಡಿದ್ದೇನೆ, ಒಳ್ಳೆಯ ಆಟಗಾರ ಎನ್ನಿ. ಒಬ್ಬ ಪ್ರೊಫೆಸರು ಹೇಳಿದರೆ ಅವರು ತಣ್ಣಗಾಗುತ್ತಾರೆ.

ನಾನು ಕಂಡದ್ದೇನು? ಒಬ್ಬ ಉದ್ದ ಹುಡುಗ, ಹಿಮ, ಒಂದು ಕಂಬ. ಮುಖವನ್ನು ಎಳೆದು ತರಲು ಪ್ರಯತ್ನಿಸಿದೆ. ಬಂದದ್ದು ನಮ್ಮ ವರಾಂಡದಲ್ಲಿ ಕಾಫಿ ಕುಡಿಯುವ ಮುಖ, ಈಗಿನದು, ನರೆತ ಹುಬ್ಬಿನ ಸಮೇತ. ಅದು ಆ ಮೈದಾನದಲ್ಲಿ ಇರಲು ಸಾಧ್ಯವೇ ಇಲ್ಲ. ನೋಡಿದ ನೆನಪಿದೆ, ಆದರೆ ಅವನೇ ಎಂದು ಹೇಳಲಾರೆ ಎಂದೆ.

“ನಿಮ್ಮ ಬಾಯಿಂದ ಒಂದು ಹೌದು ಬರೂದಿಲ್ಲವಾ? ಒಬ್ಬನ ಅನ್ನದ ಪ್ರಶ್ನೆ ಉಂಟು.”

ಅನ್ನದ ಪ್ರಶ್ನೆ ಎಂದು ನನಗೂ ಗೊತ್ತಿತ್ತು. ಸುಳ್ಳು ಹೇಳಿದವರು ಆರಾಮಾಗಿ ಕಿಲಿಮಾನಿಯಲ್ಲಿದ್ದರು, ಅನುಮಾನಪಟ್ಟ ನನ್ನ ತಲೆಯ ಮೇಲೆ ಒಬ್ಬನ ಅನ್ನ ಬಂದು ಕೂತಿತ್ತು. ಆದರೂ ಹೌದು ಎನ್ನಲಿಲ್ಲ. ಸಂಜೆ ಅವನ ಮನೆಗೇ ಹೋಗಿ ಎಲ್ಲವನ್ನೂ ಹೇಳಿದೆ, ಕಂಬದ ಮಾತನ್ನೂ.

ಅವನು ಸಿಗರೇಟು ಹಚ್ಚಿಕೊಂಡ. ನೀನು ಹೇಳದೇ ಇದ್ದದ್ದು ಒಳ್ಳೆಯದಾಯಿತು ಎಂದ. ಆ ಚಳಿಗಾಲ ಅವನು ಆ ದ್ವೀಪದಲ್ಲಿದ್ದ. ಹಿಮ ನೋಡಲೇ ಇಲ್ಲ.

“ನಾನೇ ಅಂತ ನೀನು ಹೇಳಿದೆಯಲ್ಲ?”

“ತಮಾಷೆಗೆ ಹೇಳಿದೆ, ಪ್ರೊಫೆಸರ್. ಗೋಲು ಮಿಸ್ ಮಾಡಿದವನೊಬ್ಬ ನಿನಗೆ ಬೇಕಾಗಿದ್ದ.” ಹೊಗೆ ಬಿಟ್ಟ. “ನಿಮ್ಮ ಅಧ್ಯಕ್ಷರು ನನಗೆ ಒಂದು ವಿಶ್ವಕಪ್ ಕೊಟ್ಟರು. ನೀನು ಒಂದು ಕಂಬ ಕೊಟ್ಟೆ. ನಾನು ಹೊಡೆದ ಎರಡು ಗೋಲು ಯಾರಿಗೂ ಬೇಡ.”

ಮರುದಿನ ಅವನು ಲಂಗಾಟಾಕ್ಕೆ ಹೋದ. ಮುಂದಿನದು ನಾನು ನೋಡಿದ್ದಲ್ಲ, ಅವನು ಹೇಳಿದ್ದು. ಗೇಟಿನ ಕಾವಲುಗಾರ ಒಳಗೆ ಬಿಡಲಿಲ್ಲ. ಶಾಲೆ ಬಿಡುವ ತನಕ ರಸ್ತೆಯ ಬದಿಯಲ್ಲಿ ಧೂಳು ತಿನ್ನುತ್ತ ನಿಂತ. ಪ್ರಿನ್ಸಿಪಾಲರ ಕಾರು ಹೊರಗೆ ಬಂದಾಗ ಅಡ್ಡ ಹೋದ. ಅವರು ಕಿಟಕಿಯನ್ನು ಅರ್ಧಕ್ಕೆ ಇಳಿಸಿದರು. ಅವನು ಸಕ್ಕರೆ ಕಾರ್ಖಾನೆಯಿಂದ ಶುರುಮಾಡಿ ಸೋಫಾದ ತನಕ ಎಲ್ಲ ಹೇಳಿದ, ಕಾಲು ಎಳೆದುಕೊಳ್ಳಲು ಹೋಗಿ ಎರಡನೇ ಗೋಲಾದದ್ದನ್ನೂ. ಹಿಂದಿನ ಕಾರುಗಳು ಹಾರ್ನು ಹೊಡೆಯುತ್ತಿದ್ದವಂತೆ. ಕೊನೆಗೆ ಆಕೆ, ಸುಳ್ಳು ಹೇಳುವವನು ತನ್ನ ಗೋಲು ಮೂಳೆಗೆ ಬಡಿದು ಆದದ್ದು ಎನ್ನುವುದಿಲ್ಲ, ಸೋಮವಾರ ಬೂಟು ತೆಗೆದುಕೊಂಡು ಬಾ ಎಂದು ಕಿಟಕಿ ಏರಿಸಿದರಂತೆ.

ಇದು ಯಾವ ಪುರಾವೆ? ನನ್ನ ವಿದ್ಯಾರ್ಥಿಯೊಬ್ಬ ಹೀಗೆ ಬರೆದು ತಂದರೆ ಫೇಲು ಮಾಡುತ್ತೇನೆ. ಕಾಲು ಎಳೆದುಕೊಂಡದ್ದನ್ನು ಹೇಳಿದರೆ ನಂಬುತ್ತಾರೆ ಎಂದು ಗೊತ್ತಿದ್ದೇ ಹೇಳಿರಬಹುದಲ್ಲ ಎಂದು ಅವನಿಗೇ ಹೇಳಿದೆ. ಅವನು, ಇನ್ನೊಂದು ಲೋಟ ಔಷಧ ಇದೆಯೇ ಎಂದು ಒಳಗೆ ಇಣುಕಿದ.

ದೊಡ್ಡ ಹುದ್ದೆ ಸಿಗಲಿಲ್ಲ. ಚಿಕ್ಕ ತರಗತಿಗಳಿಗೆ ಸಹಾಯಕ ಕೋಚು, ಮೊದಲು ಒಂದು ಟರ್ಮಿಗೆ, ಆಮೇಲೆ ಇನ್ನೊಂದಕ್ಕೆ. ಪರವಾನಗಿಯಾಯಿತು. ಟೈರಿನ ಅಂಗಡಿ ತಪ್ಪಿತು. ಡಾಕ್ಟರು ಈಗ ಅವನನ್ನು ತಾವೇ ಸೇರಿಸಿದ್ದು ಎನ್ನುತ್ತಾರೆ.

ಮರುವರ್ಷ ನವೆಂಬರಿನಲ್ಲಿ ಹೊಸ ಅಧ್ಯಕ್ಷರು ಸಂಘದ ಸಾಧನೆ ಹೇಳುವಾಗ, ವಿಶ್ವಕಪ್ ಆಟಗಾರರೊಬ್ಬರನ್ನು ಸನ್ಮಾನಿಸಿ ಅವರಿಗೆ ಇಲ್ಲೇ ನೆಲೆ ಒದಗಿಸಿದ ಹೆಮ್ಮೆ ನಮ್ಮದು ಎಂದರು. ನಾನು ಏಳಲು ಹೋದೆ. ನನ್ನ ಹೆಂಡತಿ ತೋಳು ಹಿಡಿದು, “ಕೂತ್ಕೊಳ್ರೀ, ಅವನೇ ಬಂದಿಲ್ಲ ಇಲ್ಲಿಗೆ,” ಎಂದಳು. ನಿಜ, ಅವನು ಬಂದಿರಲಿಲ್ಲ. ಆ ದಿನ ಅವನ ಶಾಲೆಯ ಮಕ್ಕಳಿಗೆ ಪಂದ್ಯವಿತ್ತು. ಕೂತೆ. ಸುತ್ತಲಿದ್ದವರ ಕೈಗಳನ್ನು ನೋಡಿದೆ, ಬಡಿದು ಬಡಿದು ಕೆಂಪಾದ ಕೈಗಳು. ಇವರ ಮೇಲಿನ ತಿರಸ್ಕಾರ ನನಗೆ ಈಗಲೂ ಕಡಿಮೆಯಾಗಿಲ್ಲ, ಆಗುವ ಲಕ್ಷಣವೂ ಇಲ್ಲ.

ಆದರೆ ಆ ಹಿಮದ ಮೈದಾನ ಈಗಲೂ ಬರುತ್ತದೆ. ಮುದುಕ ಸಿಪ್ಪೆ ಉಗುಳುತ್ತಾನೆ, ಕೀಪರ್ ಬೀಳುತ್ತಾನೆ, ಚೆಂಡು ಎಡಗಡೆಯ ಕಂಬಕ್ಕೆ ಬಡಿಯುತ್ತದೆ. ಅವನಲ್ಲ ಎಂದು ಗೊತ್ತಾದ ಮೇಲೂ ಆ ಉದ್ದ ಹುಡುಗನಿಗೆ ಇವನದೇ ಮುಖ. ಹಾಕೋಣವೆಂದರೆ ನನ್ನ ಹತ್ತಿರ ಬೇರೆ ಮುಖವಿಲ್ಲ.